ಶೆಟ್ಲಿ ತಲೆ ಬಿಸಾಡಬೇಡಿ: ರಾತ್ರಿಯ ಪಾಸ್ತಾ, ನನ್ನ ಅನುಭವ

ಮೀನಂಗಡಿಯಲ್ಲಿ ಸಿಗಡಿ ತೂಕ ಹಾಕಿದ ಕೂಡಲೇ ಕೇಳುತ್ತಾರೆ, "ಕ್ಲೀನ್ ಮಾಡ್ಲಾ ಮೇಡಂ?" ನಾವು ಹೂಂ ಅನ್ನುತ್ತೇವೆ. ತಲೆ, ಸಿಪ್ಪೆ ಎಲ್ಲಾ ಬಕೆಟ್‌ಗೆ ಬೀಳುತ್ತದೆ. ನಾನೂ ಎಷ್ಟೋ ವರ್ಷ ಹಾಗೇ ತಂದಿದ್ದೇನೆ. ಪಾಸ್ತಾ ಮಾಡಲು ಶುರು ಮಾಡಿದ ಮೇಲೆ ಅದನ್ನು ಬಿಟ್ಟೆ. ಈಗ "ಬೇಡ, ಹಾಗೇ ಕಟ್ಟಿಕೊಡಿ" ಅನ್ನುತ್ತೇನೆ.

ನನ್ನ ಊರು ಕುಮಟಾ ಕಡೆ. ಅಲ್ಲಿ ಸಿಗಡಿಗೆ ಶೆಟ್ಲಿ ಅನ್ನುತ್ತೇವೆ. ಈಗ ಇರುವುದು ಬೆಂಗಳೂರಿನ ವಿಜಯನಗರದಲ್ಲಿ, ಮೆಟ್ರೋ ಇಳಿದು ಮನೆ ಸೇರುವಾಗ ರಾತ್ರಿ ಎಂಟು ದಾಟಿರುತ್ತದೆ. ಆ ಹೊತ್ತಲ್ಲಿ ಕಾಯಿ ತುರಿದು, ಮಸಾಲೆ ರುಬ್ಬಿ, ಅನ್ನಕ್ಕಿಟ್ಟು ಶೆಟ್ಲಿ ಸಾರು ಮಾಡಲು ನಿಂತರೆ ಊಟ ಹತ್ತಕ್ಕೇ. ಆದರೆ ಮೀನು ತಿನ್ನಬೇಕು ಅನಿಸಿದ ದಿನ ಬೇರೆ ಏನೂ ರುಚಿಸುವುದಿಲ್ಲ, ಕರಾವಳಿಯವರಿಗೆ ಇದು ಗೊತ್ತಿರುತ್ತದೆ ಅಲ್ವಾ? ಹಾಗೆ ಶುರುವಾಯಿತು ಇದು. ಬಟ್ಟೆ ಬದಲಿಸಿ ಒಲೆ ಹಚ್ಚಿದರೆ 40 ನಿಮಿಷಕ್ಕೆ ತಟ್ಟೆ ಮುಂದಿರುತ್ತದೆ.

ಮೊದಲ ಸಲ ಸುಲಿದಿಟ್ಟ ಫ್ರೋಜನ್ ಸಿಗಡಿಯ ಪ್ಯಾಕೆಟ್ ತಂದಿದ್ದೆ. ಬೆಳ್ಳುಳ್ಳಿ ಜೊತೆ ಹಾಕಿದೆ, ಟೊಮ್ಯಾಟೊ ಹಾಕಿದೆ, ಬೆಂದ ಪಾಸ್ತಾ ಹಾಕಿದೆ, ಎಲ್ಲ ಸೇರಿ ಹತ್ತು ನಿಮಿಷ ಒಲೆ ಮೇಲಿತ್ತು. ಸಿಗಡಿ ರಬ್ಬರಿನಂತೆ ಗಟ್ಟಿಯಾಯಿತು. ಅದಕ್ಕಿಂತ ಬೇಸರವಾಗಿದ್ದು ಪಾಸ್ತಾಗೆ ಸಮುದ್ರದ ರುಚಿಯೇ ಬರಲಿಲ್ಲ ಅಂತ. ತಿಂದರೆ ಒಂದು ಕಡೆ ಸಿಗಡಿ, ಇನ್ನೊಂದು ಕಡೆ ಟೊಮ್ಯಾಟೊ ಪಾಸ್ತಾ. ಎರಡೂ ಒಂದಾಗಿರಲಿಲ್ಲ.

ಒಂದು ಮಾಡುವುದು ತಲೆ ಮತ್ತು ಸಿಪ್ಪೆ. ನನ್ನ ಮಟ್ಟಿಗೆ ಇಡೀ ಅಡುಗೆಯ ಗುಟ್ಟು ಅಲ್ಲೇ ಇದೆ.

ಇಬ್ಬರಿಗೆ ಆದರೆ ತಲೆ ಸಮೇತ 400 ಗ್ರಾಂ ಸಿಗಡಿ ತರುತ್ತೇನೆ. ಸುಲಿದ ಮೇಲೆ ಹೆಚ್ಚುಕಮ್ಮಿ ಅರ್ಧ ಉಳಿಯುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಸಿಗುವುದು ಜಾಸ್ತಿ ಆಂಧ್ರದ ಕೆರೆಗಳಲ್ಲಿ ಸಾಕಿದ ವನ್ನಾಮಿ. ಅದೂ ಆಗುತ್ತದೆ, ತಲೆ ಗಟ್ಟಿಯಾಗಿ ಮೈಗೆ ಕೂತಿರಬೇಕು ಅಷ್ಟೇ. ತಲೆ ಕಪ್ಪಾಗಿ ಜೋತು ಬಿದ್ದಿದ್ದರೆ ಅವತ್ತು ತರಬೇಡಿ. ಸಮುದ್ರದ ಶೆಟ್ಲಿ ಬೇಕು ಅನಿಸಿದರೆ ಭಾನುವಾರ ಬೆಳಿಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋಗುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ವನ್ನಾಮಿಯೇ ಗತಿ.

ಮನೆಗೆ ಬಂದು ಮೊದಲು ಸುಲಿಯುತ್ತೇನೆ. ಬೆನ್ನಿನ ಕಪ್ಪು ನರ ತೆಗೆದು, ಮಾಂಸವನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಚೂರು ಉಪ್ಪು ಹಾಕಿ ಫ್ರಿಜ್‌ನಲ್ಲಿಡುತ್ತೇನೆ. ಒದ್ದೆ ಇದ್ದರೆ ಅದು ಹುರಿಯುವುದಿಲ್ಲ, ಬಾಣಲೆಯಲ್ಲಿ ನೀರು ಬಿಟ್ಟು ಬೇಯುತ್ತದೆ. ಅಮ್ಮನ ಕೈ ಅಭ್ಯಾಸದಿಂದ ಅರಿಶಿನದ ಡಬ್ಬಿ ತೆಗೆಯಬೇಡಿ, ಇಲ್ಲಿ ಅದು ಬೇಡ.

ಆಮೇಲೆ ಎರಡೂ ಒಲೆ ಒಟ್ಟಿಗೆ. ಒಂದರ ಮೇಲೆ ಪಾಸ್ತಾಗೆ ಎರಡು ಲೀಟರ್ ನೀರು. ಇನ್ನೊಂದರ ಮೇಲೆ ಸಣ್ಣ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ, ಅದಕ್ಕೆ ತಲೆ ಸಿಪ್ಪೆ ಎಲ್ಲಾ. ಮರದ ಸೌಟಿನಿಂದ ತಲೆಗಳನ್ನು ಒತ್ತಿ ಜಜ್ಜುತ್ತಾ ಹುರಿಯಬೇಕು. ಇಲ್ಲಿ ಸ್ವಲ್ಪ ನಿಂತು ನೋಡಿ, ನಂಗೆ ಪ್ರತಿ ಸಲವೂ ಇದು ಇಷ್ಟ. ಬೂದು ಬಣ್ಣದ ಸಿಪ್ಪೆ ಒಂದು ನಿಮಿಷದಲ್ಲಿ ಗುಲಾಬಿಯಾಗುತ್ತದೆ, ಆಮೇಲೆ ಕೇಸರಿ. ತಲೆಯೊಳಗಿನ ರಸ ಚುರ್ ಅಂತ ಎಣ್ಣೆಗಿಳಿದು ತಳದಲ್ಲಿ ಕಂದು ಪೊರೆ ಕಟ್ಟುತ್ತದೆ. ನಾಲ್ಕೈದು ನಿಮಿಷಕ್ಕೆ ಎಣ್ಣೆಯೇ ಕೇಸರಿಯಾಗಿ, ಅಡುಗೆಮನೆ ತುಂಬ ಏಡಿ ಸುಟ್ಟ ಪರಿಮಳ. ಆ ಬಣ್ಣಕ್ಕೆ ಅಸ್ಟಾಕ್ಸಾಂಥಿನ್ ಅನ್ನುತ್ತಾರೆ. ಹಸಿ ಸಿಗಡಿಯಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಬೂದು ಕಾಣುತ್ತದೆ, ಬಿಸಿ ತಾಗಿದರೆ ಬಿಡಿಸಿಕೊಳ್ಳುತ್ತದೆ. ಅದು ಕರಗುವುದು ಎಣ್ಣೆಯಲ್ಲಿ. ಅದಕ್ಕೇ ಮೊದಲು ಎಣ್ಣೆ, ಆಮೇಲೆ ನೀರು. ನಾನು ಒಂದು ಸಲ ಆತುರದಲ್ಲಿ ಸೀದಾ ನೀರಿಗೆ ಹಾಕಿ ಕುದಿಸಿದ್ದೆ, ತೆಳ್ಳಗೆ ಮಂಕಾದ ನೀರು ಸಿಕ್ಕಿತು.

ಸಿಪ್ಪೆ ಹುರಿದ ಮೇಲೆ ಎರಡು ಲೋಟ ನೀರು ಹಾಕಿ ಹತ್ತು ನಿಮಿಷ ಕುದಿಯಲು ಬಿಟ್ಟು, ಸೋಸಿದರೆ ಒಂದು ಲೋಟ ಗಟ್ಟಿ ರಸ ಸಿಗುತ್ತದೆ. ಸೋಸುವಾಗಲೂ ಸೌಟಿನಿಂದ ಒತ್ತಿ ಹಿಂಡಿ.

ಅಷ್ಟರಲ್ಲಿ ಪಾಸ್ತಾ ನೀರು ಕುದಿ ಬಂದಿರುತ್ತದೆ. ಇಟಲಿಯವರ ಲೆಕ್ಕ ಸುಲಭ: 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ಸಿಗಡಿ ರಸದಲ್ಲೂ ಉಪ್ಪಿನಂಶ ಇರುವುದರಿಂದ ನಾನು ಎರಡು ಲೀಟರ್‌ಗೆ ಎರಡೂವರೆ ಟೀ ಚಮಚ ಹಾಕಿ ನಿಲ್ಲಿಸುತ್ತೇನೆ. ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಪ್ಯಾಕೆಟ್ ಮೇಲೆ ಒಂಬತ್ತು ನಿಮಿಷ ಅಂತ ಇರುವ ಸ್ಪಗೆಟಿ ಕುಮಟಾದಲ್ಲಿ ಅಮ್ಮನ ಮನೆಯಲ್ಲಿ ಮಾಡಿದಾಗ ಸರಿಯಾಗಿ ಒಂಬತ್ತಕ್ಕೆ ಬೆಂದಿತ್ತು, ಬೆಂಗಳೂರಿನಲ್ಲಿ ಅದೇ ಕಂಪನಿಯದು ಅದೇ ಹೊತ್ತಿಗೆ ನಡುವೆ ಹಸಿ. ಕಾರಣ ಇದು. ಈ ಊರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಇಲ್ಲಿ ಒಂದು ನಿಮಿಷ ಜಾಸ್ತಿ ಬೇಕಾಗುತ್ತದೆ. ಗಡಿಯಾರ ನಂಬಬೇಡಿ, ಒಂದು ಎಳೆ ತೆಗೆದು ಕಚ್ಚಿ ನೋಡಿ. ಒಳಗೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಉಳಿದಿರುವಾಗ ತೆಗೆಯಬೇಕು, ಮಿಕ್ಕಿದ್ದು ಬಾಣಲೆಯಲ್ಲಿ ಬೇಯಲಿ.

ಪಾಸ್ತಾ ನೀರಿಗೆ ಬಿದ್ದ ಕೂಡಲೇ ಇತ್ತ ದೊಡ್ಡ ಬಾಣಲೆ. ಚೆನ್ನಾಗಿ ಕಾಯಿಸಿ, ಸ್ವಲ್ಪ ಎಣ್ಣೆ, ಸಿಗಡಿ ಒಂದೇ ಪದರವಾಗಿ. ಒಂದು ಬದಿ ಒಂದು ನಿಮಿಷ, ತಿರುವಿ ಅರ್ಧ ನಿಮಿಷ, ತೆಗೆದು ತಟ್ಟೆಗೆ. ಬಾಗಿ ಅರ್ಧಚಂದ್ರ ಆದರೆ ಸಾಕು. ಸುತ್ತಿ ಉಂಗುರ ಆಯಿತು ಅಂದರೆ ಜಾಸ್ತಿ ಬೆಂದಿದೆ ಅಂತ ಅರ್ಥ. ಮಂಗಳೂರಿನವರು ಬೊಂಡಾಸ್ ಅನ್ನುವ ಸ್ಕ್ವಿಡ್ ಇದ್ದರೆ ಅದನ್ನೂ ಹೀಗೇ, ಒಂದು ನಿಮಿಷ ದಾಟಿಸಬೇಡಿ.

ಅದೇ ಬಾಣಲೆಗೆ ಉರಿ ಸಣ್ಣ ಮಾಡಿ ಮೂರು ಚಮಚ ಆಲಿವ್ ಎಣ್ಣೆ, ತೆಳ್ಳಗೆ ಹೆಚ್ಚಿದ ಎಂಟು ಎಸಳು ಬೆಳ್ಳುಳ್ಳಿ, ಮುರಿದು ಬೀಜ ಕೊಡವಿದ ಎರಡು ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಖಾರ ಕಡಿಮೆ, ಬಣ್ಣ ಚೆನ್ನಾಗಿ ಬಿಡುತ್ತದೆ, ಸಿಗಡಿಯ ರುಚಿ ಮುಚ್ಚುವುದಿಲ್ಲ. ಬೆಳ್ಳುಳ್ಳಿ ಕೆಂಪಾಗುವ ಮೊದಲೇ ಎರಡು ನಾಟಿ ಟೊಮ್ಯಾಟೊ ಕೈಯಲ್ಲೇ ಹಿಸುಕಿ ಹಾಕುತ್ತೇನೆ. ಫಾರಂ ಟೊಮ್ಯಾಟೊಗೆ ಹುಳಿ ಸಾಲುವುದಿಲ್ಲ, ಹಾಕಿದರೆ ಕೊನೆಗೆ ನಿಂಬೆ ಹಿಂಡಬೇಕಾಗುತ್ತದೆ. ಕೆಲವರು ಬಿಳಿ ವೈನ್ ಹಾಕುತ್ತಾರೆ, ನಮ್ಮ ಮನೆಯಲ್ಲಿ ಇರುವುದಿಲ್ಲ, ನಾಟಿ ಟೊಮ್ಯಾಟೊ ಇರುವಾಗ ನನಗೆ ಅದು ಬೇಕು ಅನಿಸಿಲ್ಲ.

ಟೊಮ್ಯಾಟೊ ಕರಗಿದ ಮೇಲೆ ಸಿಪ್ಪೆಯ ರಸ ಪೂರ್ತಿ ಹಾಕಿ ಜೋರಾಗಿ ಕುದಿಸಿ. ಪಾಸ್ತಾವನ್ನು ಇಕ್ಕಳದಲ್ಲಿ ಎತ್ತಿ ಸೀದಾ ಇದಕ್ಕೆ, ಜೊತೆಗೆ ಬೇಯಿಸಿದ ನೀರು ಅರ್ಧ ಲೋಟ. ಆ ನೀರಿನ ಗಂಜಿಯೇ ಎಣ್ಣೆ ಮತ್ತು ರಸವನ್ನು ಹಿಡಿದು ಕೂಡಿಸುವುದು. ಎರಡು ನಿಮಿಷ ಬಿಡದೆ ತಿರುವಿ, ಬಾಣಲೆ ಅಲ್ಲಾಡಿಸಿ. ಮೊದಲು ನೀರು ನೀರಾಗಿ ಕಾಣುತ್ತದೆ, ಹೆದರಬೇಡಿ, ನೋಡನೋಡುತ್ತಾ ದಪ್ಪವಾಗಿ ಪ್ರತಿ ಎಳೆಗೂ ಕೇಸರಿ ಲೇಪ ಹತ್ತುತ್ತದೆ. ಆಗ ಒಲೆ ಆರಿಸಿ ಸಿಗಡಿ ವಾಪಸ್ ಹಾಕಿ. ಮೇಲೆ ಒಂದು ಹಿಡಿ ಕಾಮಕಸ್ತೂರಿ ಎಲೆ. ಅಂಗಡಿಯಲ್ಲಿ ಬೇಸಿಲ್ ಅಂತ ಸಣ್ಣ ಡಬ್ಬಿಯಲ್ಲಿ ಮಾರುವುದು ಅದೇ ಜಾತಿ, ನಾನು ಬಾಲ್ಕನಿಯ ಕುಂಡದಲ್ಲಿ ಬೆಳೆಸಿಕೊಂಡಿದ್ದೇನೆ. ಚೀಸ್ ಹಾಕುವುದಿಲ್ಲ. ಇಟಲಿಯಲ್ಲೂ ಸಾಮಾನ್ಯವಾಗಿ ಮೀನಿನ ಪಾಸ್ತಾಗೆ ಚೀಸ್ ಹಾಕುವುದಿಲ್ಲ. ಇಷ್ಟು ಕಷ್ಟಪಟ್ಟು ತೆಗೆದ ರಸದ ಮೇಲೆ ಹಾಲಿನ ವಾಸನೆ ಯಾಕೆ?

ಕಳೆದ ಚಳಿಗಾಲದಲ್ಲಿ ಅಮ್ಮ ಬಂದಿದ್ದರು. ಬರುವಾಗ ಅಘನಾಶಿನಿ ಅಳಿವೆಯ ಬಳಚು, ಅಂದರೆ ಚಿಪ್ಪುಮೀನು, ಒಂದು ಡಬ್ಬಿ ತಂದಿದ್ದರು, ರಾತ್ರಿ ಬಸ್ಸಿನಲ್ಲಿ, ಐಸ್ ಇಟ್ಟುಕೊಂಡು. ನೇಪಲ್ಸ್ ಕಡೆಯವರು ಇಂಥದ್ದೇ ಚಿಪ್ಪಿನಿಂದ ವೊಂಗೊಲೆ ಅಂತ ಪಾಸ್ತಾ ಮಾಡುತ್ತಾರೆ ಅಂದೆ, ಅವರಿಗೆ ಖುಷಿಯಾಯಿತು. ಅವತ್ತು ಸಿಗಡಿ ಜೊತೆ ಬಳಚೂ ಹಾಕಿದೆ. ಮುಚ್ಚಳ ಮುಚ್ಚಿ ಮೂರು ನಿಮಿಷಕ್ಕೆ ಬಾಯಿ ಬಿಟ್ಟವು, ಬಿಡದ ಎರಡನ್ನು ಆರಿಸಿ ಬಿಸಾಡಿದೆ. ಅಮ್ಮ ತಟ್ಟೆ ಖಾಲಿ ಮಾಡಿ ಏನೂ ಹೇಳಲಿಲ್ಲ. ಎದ್ದು ಹೋಗಿ ಪಾತ್ರೆಯಲ್ಲಿ ಉಳಿದಿದ್ದ ಸಿಪ್ಪೆ ರಸ ಒಂದು ಚಮಚ ಬಾಯಿಗಿಟ್ಟು ನೋಡಿ, "ಇದನ್ನ ಚೆಲ್ಲಬೇಡ, ನಾಳೆ ಸಾರಿಗೆ ಹಾಕ್ತೇನೆ" ಅಂದರು. ಮರುದಿನ ಕಾಯಿ ರುಬ್ಬಿ ಅದರಲ್ಲೇ ಶೆಟ್ಲಿ ಸಾರು ಮಾಡಿದರು.