ವಾರಾಂತ್ಯದ 18 ಕಿ.ಮೀ. ಓಟ ತಪ್ಪದಂತಾದದ್ದು ಹೀಗೆ

ತುಮಕೂರಿನಲ್ಲಿ ಅಕ್ಟೋಬರ್ ಪೂರ್ತಿ ನನ್ನ ಭಾನುವಾರದ ಓಟ ಅರ್ಧಕ್ಕೇ ನಿಂತಿತು. ಬೆಳಿಗ್ಗೆ ಮಗಳ ಸಂಗೀತ ಪಾಠ, ಆಮೇಲೆ ಶಿರಾದ ಅತ್ತೆಯ ಮನೆ. ಸಂಜೆ ಹಿಂಗಾರಿನ ಗುಡುಗು ಮಳೆ.

ಸಂಜೆಗೆ ಮುಂದೂಡಿದೆ, ಮಳೆ ಬಿಡಲಿಲ್ಲ. ನಸುಕಿನಲ್ಲಿ ದೇವರಾಯನದುರ್ಗದ ರಸ್ತೆ ಹಿಡಿದೆ, ಕತ್ತಲು, ನಾಯಿಗಳು. ಟ್ರೆಡ್‌ಮಿಲ್ ಐದನೇ ಕಿಲೋಮೀಟರಿಗೇ ಸಾಕೆನಿಸಿತು.

ಕೊನೆಗೆ ದಿನವನ್ನು ಶನಿವಾರಕ್ಕೆ ಬದಲಿಸಿದೆ, ಭಾನುವಾರ ಮೀಸಲು. ದಾರಿ, ಬೀದಿದೀಪವಿರುವ ನಮ್ಮ ಬಡಾವಣೆಯ 3 ಕಿ.ಮೀ. ಸುತ್ತು, ಆರು ಸಲ. ಅಲಾರಂ 4.30ಕ್ಕೆ, ಓಟ 5ಕ್ಕೆ, 7.15ಕ್ಕೆ ಮನೆ. ಹಿಂಗಾರಿನ ಗುಡುಗು ಮಳೆ ಹೆಚ್ಚಾಗಿ ನೆಲ ಕಾದ ಮೇಲೆ, ಮಧ್ಯಾಹ್ನದ ನಂತರ ಸುರಿಯುತ್ತದೆ. ನಸುಕು ಬಹುಪಾಲು ಒಣ. ಗೇಟಿನ ಕಂಬದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆಯ ಬಾಟಲಿ. ಎರಡು ಸುತ್ತಿಗೊಮ್ಮೆ ನಾಲ್ಕು ಗುಟುಕು. ಮಳೆ ಜೋರಾದರೆ ಆ ಸುತ್ತು ಮುಗಿಸಿ ನಿಲ್ಲುತ್ತೇನೆ, ಗುಡುಗಿದರೆ ಅಲ್ಲಿಗೇ. ಉಳಿದ ಸುತ್ತುಗಳು ಭಾನುವಾರ 5ಕ್ಕೆ. ಸೋಮವಾರಕ್ಕೆ ಸಾಲ ಉಳಿಸುವುದಿಲ್ಲ.

ಒದ್ದೆ ಶೂಗಳ ಒಳಹಾಸು ತೆಗೆದು ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ ಫ್ಯಾನಿನಡಿ ಇಡಬೇಕು. ಒಲೆಯ ಪಕ್ಕ ಇಟ್ಟು ಒಂದು ಜೊತೆಯ ಅಂಟು ಬಿಡಿಸಿಕೊಂಡಿದ್ದೇನೆ.