ಬರಿಗಾಲಲ್ಲೂ ಕೆಲಸ ಮಾಡುವ ಫುಟ್ ಡ್ರಾಪ್ ಪಟ್ಟಿ: ನನ್ನ ಅನುಭವ

ಹೊಸ್ತಿಲಿಂದಲೇ ಶುರು ಮಾಡುತ್ತೇನೆ. ಲಕ್ವ ಹೊಡೆದು ಒಂದು ವರ್ಷ ಕಳೆದ ಮೇಲೆ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ದಾವಣಗೆರೆಗೆ, ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದರು. ವಯಸ್ಸು 58 ಇರಬೇಕು. ನಡೆಯುವಾಗ ಪಾದದ ಮುಂಭಾಗ ಎತ್ತಲಾಗದೆ ಜೋತುಬೀಳುತ್ತಿತ್ತು, ಅದೇ ಫುಟ್ ಡ್ರಾಪ್. ಅಷ್ಟರಲ್ಲಿ ಮೂರು ಸಲ ಬಿದ್ದಿದ್ದರು. ಮೂರೂ ಸಲ ತಮ್ಮದೇ ಮನೆಯ ಹೊಸ್ತಿಲಿಗೆ ಕಾಲ್ಬೆರಳು ತಾಗಿ. ಎಎಫ್‌ಒ (ಪಾದ ಜೋತುಬೀಳದಂತೆ ಹಿಡಿಯುವ ಸ್ಪ್ಲಿಂಟ್) ಇರಲಿಲ್ಲ ಅಂತಲ್ಲ, ಇತ್ತು. ಆದರೆ ಅದನ್ನು ಬೂಟಿನೊಳಗೆ ಹಾಕಿಕೊಳ್ಳಬೇಕು. ಮನೆಯೊಳಗೆ ಯಾರು ಬೂಟು ಹಾಕುತ್ತಾರೆ? ಅವರು ಅದನ್ನು ಚಪ್ಪಲಿ ಪಕ್ಕದಲ್ಲೇ ಬಿಚ್ಚಿಟ್ಟು ಒಳಗೆ ಬರುತ್ತಿದ್ದರು. ಬೀಳುತ್ತಿದ್ದದ್ದು ಒಳಗೆ.

ಎಫ್‌ಇಎಸ್ (ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಪಾದ ಎತ್ತಿಸುವ ಸಾಧನ) ಕೊಡೋಣ ಅಂತ ಒಂದು ಕಂಪನಿಯವರನ್ನು ದರ ಕೇಳಿದೆ. ನಾಲ್ಕು ಲಕ್ಷದ ಹತ್ತಿರ ಹೇಳಿದರು. ಯಜಮಾನರು, "ಅಷ್ಟರಲ್ಲಿ ಎರಡು ಬೋರ್ ಕೊರೆಸಬಹುದು ಸಾರ್" ಎಂದರು. ಆ ಮಾತು ತಲೆಯಲ್ಲಿ ಉಳಿಯಿತು. ನಾನೇ ಮಾಡುತ್ತೇನೆ ಎಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಸ್ಪ್ಲಿಂಟ್ ಹಾಕಿಸಿ, ವ್ಯಾಯಾಮ ಹೇಳಿಕೊಡಿ, ಸಾಕು. ವೈರು ಹಿಡಿದುಕೊಂಡು ಕೂತರೆ ಫಿಸಿಯೋಥೆರಪಿ ಆಗಲ್ಲ" ಎಂದರು. ಇನ್ನೊಬ್ಬರು ಆರು ತಿಂಗಳಲ್ಲಿ ಬಿಟ್ಟುಬಿಡ್ತೀಯ ಎಂದರು. ಎರಡೂವರೆ ವರ್ಷ ಆಯಿತು, ಬಿಟ್ಟಿಲ್ಲ. ಈಗ ನಾನು ಮಾಡಿದ, ಮೊಣಕಾಲ ಕೆಳಗೆ ಕಟ್ಟುವ ಕರೆಂಟಿನ ಪಟ್ಟಿ ಕಟ್ಟಿಕೊಂಡು ಆರು ಜನ ಮನೆಯೊಳಗೆ ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನರ ಎಲ್ಲಿದೆ, ಕರೆಂಟ್ ಹಾಯಿಸುವ ಪ್ಯಾಡ್ ಎಲ್ಲಿ ಇಡಬೇಕು ಅನ್ನುವುದೆಲ್ಲ ಫಿಸಿಯೋಥೆರಪಿಸ್ಟರಿಗೆ ಗೊತ್ತೇ ಇದೆ. ಫಿಬ್ಯುಲಾ (ಮೊಣಕಾಲ ಕೆಳಗಿನ ಹೊರಬದಿಯ ಮೂಳೆ) ತಲೆಯ ಕೆಳಗೊಂದು, ಪಾದ ಎತ್ತುವ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯುವಿನ ಮೇಲೊಂದು. ಅದನ್ನು ವಿವರಿಸಲು ಹೋಗುವುದಿಲ್ಲ.

ಮೊದಲು ಮಾಡಿದ್ದು ಹಿಮ್ಮಡಿ ಸ್ವಿಚ್. ಚಪ್ಪಲಿಯ ಅಟ್ಟೆಯೊಳಗೆ ಒತ್ತಡದ ಸೆನ್ಸರ್ ಕೂರಿಸಿ, ಹಿಮ್ಮಡಿ ಎದ್ದಾಗ ಬ್ಯಾಟರಿಯ ಟೆನ್ಸ್ ಮಷೀನಿನ (ನೋವಿಗೆ ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡುವ ಯಂತ್ರ) ಔಟ್‌ಪುಟ್ಟನ್ನು ರಿಲೇ ಮೂಲಕ ಬಿಡುವುದು. ಹೊಸ ವಿಚಾರವೇನಲ್ಲ. ಅಮೆರಿಕದಲ್ಲಿ ಲಿಬರ್ಸನ್ ಎಂಬ ವೈದ್ಯರು 1961ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಇಂಗ್ಲೆಂಡಿನ ಸಾಲ್ಸ್‌ಬರಿಯ ಓಡ್‌ಸ್ಟಾಕ್ ಸ್ಟಿಮ್ಯುಲೇಟರ್ ಕೂಡ ಹಿಮ್ಮಡಿ ಸ್ವಿಚ್ಚಿನದೇ. ಅವರಿಗೆಲ್ಲ ಅದು ಸರಿಹೋಯಿತು, ಏಕೆಂದರೆ ಅಲ್ಲಿ ಕಾಲಲ್ಲಿ ಬೂಟು ಇರುತ್ತದೆ. ನಮ್ಮಲ್ಲಿ ಬೇಕಾದ ಜಾಗದಲ್ಲಿ ಚಪ್ಪಲಿಯೇ ಇರುವುದಿಲ್ಲ! ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಸೆನ್ಸರ್‌ಗಳೂ ಹದಿನೈದು ದಿನಕ್ಕೊಂದು ಸೀಳುತ್ತಿದ್ದವು. ತೋಟದ ಕೆಸರು ಒಳಗೆ ಹೋಗಿ ಎರಡು ಸುಟ್ಟವು. ಆ ನಾಲ್ಕು ತಿಂಗಳಲ್ಲಿ ಹದಿನೆಂಟು ಸಾವಿರ ಹೋಯಿತು.

ರಿಲೇಯದು ಬೇರೆಯೇ ಗೋಳು. ಟಕ್ ಅಂತ ಪೂರ್ತಿ ಕರೆಂಟ್ ಒಂದೇ ಸಲ ಬರುತ್ತಿತ್ತು. ಪಾದ ಜೋರಾಗಿ ಮೇಲೆದ್ದ ಕೂಡಲೇ ಬಿಗಿಯಾಗಿದ್ದ ಮೀನಖಂಡ ಎಳೆದುಕೊಂಡು ಕ್ಲೋನಸ್, ಅಂದರೆ ಪಾದ ತಡೆಯಿಲ್ಲದೆ ಪಟಪಟ ನಡುಗುವುದು, ಶುರು. ಅವರ ಮನೆಯವರು ಗಾಬರಿಯಾಗಿ, "ಕರೆಂಟ್ ಹೊಡೀತಾ ಇದೆಯಾ ಸಾರ್?" ಎಂದು ಕೇಳಿದ್ದರು. ಹೊಡೆಯುತ್ತಿರಲಿಲ್ಲ, ಏರಿಕೆ ಸರಿಯಿರಲಿಲ್ಲ ಅಷ್ಟೆ. ಕರೆಂಟ್ ನಿಧಾನವಾಗಿ ಏರಬೇಕು, ನಿಧಾನವಾಗಿ ಇಳಿಯಬೇಕು. ರಿಲೇಯಲ್ಲಿ ಅದು ಆಗದ ಕೆಲಸ.

ಹಾಗಾಗಿ ಸ್ಟಿಮ್ಯುಲೇಟರ್ ಬೋರ್ಡನ್ನೇ ಮಾಡಿಸಬೇಕಾಯಿತು. ನಮ್ಮ ಬೀದಿಯ ಟಿವಿ ರಿಪೇರಿ ಮೇಸ್ತ್ರಿ ಪಲ್ಸ್ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟರು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳ ಕಾಲದ ಕೈ. ಮೂರನೆಯದು ಸರಿಬಂತು. ಉಳಿದ ಸಾಮಾನು ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದೆ. ಅಲ್ಲಿಗೆ ಹೋಗಿಬರುವ ಬಸ್ ಚಾರ್ಜೇ ಒಟ್ಟು ಐದಾರು ಸಾವಿರ ಆಗಿರಬೇಕು. ಒಂದು ಸಲ ತಂದ ಐಸಿಗಳಲ್ಲಿ ಅರ್ಧ ಕೆಲಸವೇ ಮಾಡಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪ್ರೋಗ್ರಾಂ ಕೆಟ್ಟುಹೋದರೂ 60 ಮಿಲಿಆಂಪ್ ದಾಟದ ಹಾಗೆ ಸರ್ಕ್ಯೂಟಿನಲ್ಲೇ ತಡೆ ಹಾಕಿದ್ದೇನೆ. ಔಟ್‌ಪುಟ್ಟಿನಲ್ಲಿ ಕೆಪಾಸಿಟರ್ ಇದೆ, ಡಿಸಿ ಚರ್ಮಕ್ಕೆ ಸೋರುವುದಿಲ್ಲ. ಚಾರ್ಜರ್ ಹಾಕಿದರೆ ಔಟ್‌ಪುಟ್ ತಾನೇ ಬಂದ್. ಮೊದಲ ಎರಡು ತಿಂಗಳು ಅದನ್ನು ನನ್ನ ಕಾಲಿಗೆ ಮಾತ್ರ ಕಟ್ಟಿಕೊಂಡಿದ್ದೆ. ಆಮೇಲೂ ನರರೋಗ ತಜ್ಞರು ಬರೆದುಕೊಡದೆ ಯಾರಿಗೂ ಕಟ್ಟಿಲ್ಲ. ಪೇಸ್‌ಮೇಕರ್ ಇದ್ದವರನ್ನು, ಫಿಟ್ಸ್ ಬರುವವರನ್ನು ವಾಪಸ್ ಕಳಿಸಿದ್ದೇನೆ. ಇವುಗಳಲ್ಲಿ ಒಂದನ್ನು ಬಿಟ್ಟರೂ ಈ ಕೆಲಸಕ್ಕೆ ಕೈ ಹಾಕಬೇಡಿ.

ಶುರುವಿನಲ್ಲಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಪಲ್ಸ್, ಇಟ್ಟಿದ್ದೆ. ಹತ್ತೇ ನಿಮಿಷಕ್ಕೆ ಸ್ನಾಯು ದಣಿದು ಪಾದ ಜೋತುಬೀಳುತ್ತಿತ್ತು. 35ಕ್ಕೆ ಇಳಿಸಿದ ಮೇಲೆ ಅರ್ಧ ಗಂಟೆ ತಡೆಯಿತು. ಪಲ್ಸ್ ಅಗಲ 250 ಮೈಕ್ರೋಸೆಕೆಂಡ್. ಕರೆಂಟ್ ಹೆಚ್ಚಿನವರಿಗೆ 25ರಿಂದ 30 ಮಿಲಿಆಂಪ್ ಸಾಕು. ಏರಿಕೆ ಸುಮಾರು 0.3 ಸೆಕೆಂಡ್.

ಇನ್ನು ಮುಖ್ಯ ಕೆಲಸ, ಹಿಮ್ಮಡಿ ಬಿಟ್ಟು ಮೊಣಕಾಲ ಕೆಳಗಿನ ಪಟ್ಟಿಗೇ ಸೆನ್ಸರ್ ತರುವುದು. ಓರೆ, ಚಲನೆ ಅಳೆಯುವ ಎಂಪಿಯು6050 ಚಿಪ್, ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಕಾಲು ಹಿಂದೆ ಉಳಿದು ಮೊಣಕಾಲು ಮುಂದೆ ಬಾಗಿದಾಗ ಕರೆಂಟ್ ಶುರು, ಪಾದ ಮುಂದೆ ಬಂದಾಗ ಬಂದ್. ವಾಕ್‌ಏಡ್ ಅನ್ನುವ ವಿದೇಶಿ ಸಾಧನವೂ ಕಾಲಿನ ಓರೆ ನೋಡಿಯೇ ಕೆಲಸ ಮಾಡುತ್ತದೆ. ನನ್ನ ಕಾಲಿಗೆ ಕಟ್ಟಿ ನಡೆದೆ, ಗಡಿಯಾರದ ಹಾಗೆ ನಡೆಯಿತು. ಯಜಮಾನರಿಗೆ ಕಟ್ಟಿದೆ, ಏನೂ ಆಗಲಿಲ್ಲ. ನನ್ನ ಕಾಲು 25 ಡಿಗ್ರಿ ಬಾಗುತ್ತಿತ್ತು, ಅವರದು ಹತ್ತೂ ಇಲ್ಲ. ಅವರು ಕಾಲನ್ನು ಪಕ್ಕದಿಂದ ಸುತ್ತಿ ತರುತ್ತಾರಲ್ವಾ! ನನ್ನ ಕಾಲಿನ ಅಳತೆ ಅವರಿಗೆ ಹೇಗೆ ಹೊಂದಬೇಕು?

ಆಗ ಸುಮ್ನೆ ಒಂದು ಪ್ರಯೋಗ ಮಾಡಿದೆ. ಒಳ್ಳೆಯ ಕಾಲಿಗೆ ಸೆನ್ಸರ್ ಕಟ್ಟಿ, ಆ ಕಾಲು ನೆಲಕ್ಕೆ ಊರಿದ ಕೂಡಲೇ ಈ ಕಾಲಿಗೆ ಕರೆಂಟ್. ಲೆಕ್ಕ ಚೆನ್ನಾಗಿ ಕೂತಿತು, ಆದರೆ ನಡುವಿನ ವೈರು ಪಂಚೆಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ವಾರಕ್ಕೇ ಬಿಟ್ಟೆ. ಈಗ ಪಟ್ಟಿ ಕಟ್ಟಿದ ಮೇಲೆ ಮೊದಲು ಹತ್ತು ಹೆಜ್ಜೆ ಕರೆಂಟ್ ಇಲ್ಲದೆ ನಡೆಸುತ್ತೇನೆ. ಅವರವರ ನಡಿಗೆಯಿಂದಲೇ ಅಳತೆ ತೆಗೆದುಕೊಳ್ಳುತ್ತದೆ. ದಿನಾ ಬೆಳಿಗ್ಗೆ ಹೊಸದಾಗಿ.

ಇಷ್ಟಾದ ಮೇಲೆ ಎದುರಾದದ್ದು ನಾನು ಊಹಿಸದೇ ಇದ್ದ ತೊಂದರೆ. ನಮ್ಮ ಜನ ಕುಕ್ಕರಗಾಲಲ್ಲಿ ಕೂರುತ್ತಾರೆ. ಹೊಲದಲ್ಲಿ, ಬಚ್ಚಲಲ್ಲಿ, ಹಳೆಯ ಕಕ್ಕಸಿನಲ್ಲಿ. ಹಾಗೆ ಕೂತಾಗ ಮೊಣಕಾಲು ಮುಂದೆ ಬಾಗುತ್ತದೆ, ಮಷೀನಿಗೆ ಅದು ಹೆಜ್ಜೆ ಎತ್ತಿದ ಹಾಗೆಯೇ ಕಾಣುತ್ತದೆ. ಕೂತಲ್ಲೇ ಕರೆಂಟ್ ಬಂದು ಒಬ್ಬರು ಹಿಂದಕ್ಕೆ ವಾಲಿಬಿಟ್ಟರು. ಗೋಡೆ ಇದ್ದುದರಿಂದ ಏನೂ ಆಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಎಲ್ಲ ಪಟ್ಟಿಗಳನ್ನೂ ವಾಪಸ್ ತೆಗೆದುಕೊಂಡೆ. ಮೂರು ತಿಂಗಳು ಅದರ ಮೇಲೇ ಕೂತೆ. ಈಗ ಒಂದು ಸಲ ಶುರುವಾದ ಕರೆಂಟ್ ಎರಡು ಸೆಕೆಂಡ್ ಮೀರುವುದಿಲ್ಲ. ಕಾಲು ಪೂರ್ತಿ ಮುಂದೆ ಬಂದು ಹೋಗದೆ ಎರಡನೆಯ ಸಲ ಬರುವುದಿಲ್ಲ. ಕಾಲಿನ ಓರೆ 50 ಡಿಗ್ರಿ ದಾಟಿದರೆ ಕರೆಂಟಿಗೆ ಬೀಗ. ಇಷ್ಟರಿಂದಲೇ ಸಾಲದು, ಹೆಜ್ಜೆಗೂ ಕೂರುವುದಕ್ಕೂ ಮೊದಲ ಕ್ಷಣದಲ್ಲೇ ಕಾಣುವ ಒಂದು ವ್ಯತ್ಯಾಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಮೂರು ತಿಂಗಳ ಬೆಲೆ ಬಿದ್ದ ವಿದ್ಯೆ ಅದು. ಕ್ಲಿನಿಕ್ಕಿಗೆ ಬಂದು ರೋಗಿಗಳ ಜೊತೆ ನಾಲ್ಕು ದಿನ ಕೂತವರಿಗೆ ಕಲಿಸುತ್ತೇನೆ.

ಪ್ಯಾಡ್ ವಿಷಯಕ್ಕೂ ದುಡ್ಡು ಸುರಿದಿದ್ದೇನೆ. ಅಂಟಿನ ಜೆಲ್ ಪ್ಯಾಡ್ ನಮ್ಮ ಏಪ್ರಿಲ್ ಬೆವರಿಗೆ ಐದಾರು ದಿನ ಬಾಳುತ್ತದೆ, ಅಷ್ಟೆ. ಜೊತೆಗೆ ನಾಲ್ಕು ಪ್ಯಾಡಿಗೆ ಮುನ್ನೂರು ರೂಪಾಯಿ. ಉಪ್ಪುನೀರಿನ ಬಟ್ಟೆ ಇಟ್ಟು ನೋಡಿದೆ. ಒಂದು ಮೂಲೆ ಒಣಗಿದರೆ ಸಾಕು, ಉಳಿದ ಸಣ್ಣ ಜಾಗದಲ್ಲೇ ಕರೆಂಟ್ ಸೇರಿಕೊಂಡು ಚುರುಗುಡುತ್ತದೆ. ನನ್ನ ಕಾಲಿನ ಮೇಲೆ ಆ ಕಲೆ ಇನ್ನೂ ಇದೆ. ಲೋಳೆಸರದ ತಿರುಳನ್ನೂ ಹಚ್ಚಿ ನೋಡಿದೆ, ಎರಡು ಗಂಟೆ ಚೆನ್ನಾಗಿತ್ತು, ಆಮೇಲೆ ಕಡಿತ. ಕೊನೆಗೆ ನಮ್ಮ ಡಿಪಾರ್ಟ್‌ಮೆಂಟುಗಳಲ್ಲಿ ಹಿಂದಿನಿಂದ ಇದ್ದ ಕಾರ್ಬನ್ ರಬ್ಬರ್ ಪ್ಯಾಡಿಗೇ ಮರಳಿದೆ. ಅದನ್ನು ಪಟ್ಟಿಯ ಒಳಮೈಗೆ ಹೊಲಿಸಿದ್ದೇನೆ, ಮೇಲೆ ತೆಳುವಾಗಿ ಇಸಿಜಿ ಜೆಲ್. ಜಾಗ ತಪ್ಪಬಾರದು ಅಂತ ಪಟ್ಟಿಯ ಅಂಚಿಗೆ ಕೆಂಪು ದಾರದ ಗುರುತು, ಅದು ಮಂಡಿಚಿಪ್ಪಿನ ನೇರಕ್ಕೆ ಬರಬೇಕು. ಯಜಮಾನರ ಹೆಂಡತಿ ಹೇಳಿಕೊಟ್ಟ ಉಪಾಯ ಅದು. ದಿನಾ ಕಟ್ಟುವವರು ಅವರೇ ಅಲ್ವಾ.

ನಡುವೆ ಕೈಯ ಕಡೆಗೂ ಹೋಗಿಬಂದೆ. ಮುಷ್ಟಿ ಬಿಚ್ಚಲಾಗದವರಿಗೆ ಮುಂಗೈಯಿಂದ ಇಎಂಜಿ (ಸ್ನಾಯುವಿನ ವಿದ್ಯುತ್ ಸಂಕೇತ) ಹಿಡಿದು, ಅವರು ಪ್ರಯತ್ನಪಟ್ಟಾಗ ಮಾತ್ರ ಕರೆಂಟ್ ಕೊಡುವುದು. ವಾರಗಟ್ಟಲೆ ತೆರೆಯ ಮೇಲೆ ಬರೀ ಗದ್ದಲ. ಒಂದು ಸಂಜೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿತ್ತು, ಫ್ಯಾನು ನಿಂತಿತು, ಗೆರೆ ಒಮ್ಮೆಲೇ ಶುದ್ಧವಾಯಿತು! ಗೋಡೆಯ ವೈರಿಂಗಿನ 50 ಹರ್ಟ್ಸನ್ನೇ ನಾನು ಇಷ್ಟು ದಿನ ಸ್ನಾಯು ಅಂದುಕೊಂಡಿದ್ದೆ. ಅದನ್ನು ಸೋಸಿದ ಮೇಲೂ, ಸ್ಟಿಮ್ಯುಲೇಷನ್ ಕೊಟ್ಟ ಕ್ಷಣ ಆಂಪ್ಲಿಫೈಯರ್ ಕುರುಡಾಗುತ್ತದೆ. ಒಂದು ಹೆಣ್ಣುಮಗಳು ಎರಡು ವರ್ಷದ ಮೇಲೆ ಸ್ಟೀಲ್ ಲೋಟ ಹಿಡಿದು, ಮುಷ್ಟಿ ಬಿಚ್ಚಿ ಬಿಟ್ಟರು, ಅದನ್ನು ಕಣ್ಣಾರೆ ನೋಡಿದ್ದೇನೆ. ಆದರೂ ಮನೆಗೆ ಕೊಟ್ಟು ಕಳಿಸುವಷ್ಟು ನಂಬಿಕೆ ಇನ್ನೂ ಬಂದಿಲ್ಲ.

ಈಗ ಒಂದು ಪಟ್ಟಿಗೆ ನಾಲ್ಕೂವರೆ ಸಾವಿರ ಬೀಳುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ನನ್ನ ಕೈಯಿಂದ ಹೋದದ್ದು ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು. ಮಾರುವುದಿಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ ಪರೀಕ್ಷೆ, ಲೈಸೆನ್ಸು ಎಲ್ಲ ಆಗಬೇಕು, ಅದು ಆಗಲೇಬೇಕಾದ್ದೇ. ಅದಕ್ಕೆ ಜೊತೆಗಾರರನ್ನು ಹುಡುಕುತ್ತಿದ್ದೇನೆ. ಸದ್ಯ ನನ್ನ ಕಣ್ಣಳತೆಯ ರೋಗಿಗಳಿಗೆ, ನನ್ನ ಮೇಲ್ವಿಚಾರಣೆಯಲ್ಲಿ ಮಾತ್ರ.

ಯಜಮಾನರು ಮೊದಲ ದಿನ 10 ಮೀಟರ್ ನಡೆಯಲು 30 ಸೆಕೆಂಡ್ ತೆಗೆದುಕೊಂಡಿದ್ದರು. ಪಟ್ಟಿ ಕಟ್ಟಿದಾಗ 23. ನಾಲ್ಕು ತಿಂಗಳ ಮೇಲೆ ಪಟ್ಟಿ ಬಿಚ್ಚಿ ನಡೆಸಿದೆ, 25 ಬಂತು. ಸ್ಪ್ಲಿಂಟ್ ಸಾಕು ಎಂದಿದ್ದ ಹಿರಿಯರು ಅವತ್ತು ಅಲ್ಲೇ ಇದ್ದರು. ಸ್ಟಾಪ್‌ವಾಚ್ ಇಸಿದುಕೊಂಡು ತಾವೇ ಇನ್ನೊಂದು ಸಲ ನಡೆಸಿದರು. ಆಗಲೂ 25. ಹೋಗುವಾಗ ತಮ್ಮ ರೋಗಿಯೊಬ್ಬರ ಮೀನಖಂಡದ ಸುತ್ತಳತೆ ಬರೆದುಕೊಟ್ಟು ಹೋದರು, 33 ಸೆಂಟಿಮೀಟರ್. ಆ ಪಟ್ಟಿ ಈಗ ಹೊಲಿಗೆಯಲ್ಲಿದೆ.