ಮಂಡಿ ಆಪರೇಷನ್ ಆಗಿ ಮನೆಗೆ ಬಂದ್ಮೇಲೆ: ಮೊದಲ ಆರು ವಾರ ದಾಟೋದು ಹೇಗೆ

ಆಸ್ಪತ್ರೇಲಿ ಮೂರನೇ ದಿನಕ್ಕೆ ಅಮ್ಮ ವಾಕರ್ ಹಿಡ್ಕೊಂಡು ಕಾರಿಡಾರ್ ಉದ್ದಕ್ಕೂ ನಡೆದಿದ್ರು, ನಾವೆಲ್ಲ ಇನ್ನೇನು ಮುಗೀತು ಅಂದ್ಕೊಂಡು ಮನೆಗೆ ಕರ್ಕೊಂಡು ಬಂದ್ವಿ, ಅವತ್ತೇ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಅಳ್ತಿದ್ರು. "ಅಲ್ಲಿ ಇಷ್ಟು ನೋವಿರ್ಲಿಲ್ಲ ಕಣೇ, ಒಳಗಡೆ ಏನೋ ತಪ್ಪಾಗಿದೆ" ಅಂತ. ಏನೂ ತಪ್ಪಾಗಿರ್ಲಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ (ಸವೆದ ಕೀಲಿನ ಜಾಗಕ್ಕೆ ಕೂರ್ಸೋ ಕೃತಕ ಕೀಲು) ಬೆಲೆ ಮಿತಿ ಹಾಕಿದ್ಮೇಲೆ ನಮ್ಮಂಥ ಮನೆಯೋರೂ ಈ ಆಪರೇಷನ್ ಬಗ್ಗೆ ಯೋಚ್ನೆ ಮಾಡೋ ಹಾಗಾಯ್ತು, ಆದ್ರೆ ಮನೇಲಿ ಕಳೀಬೇಕಾದ ಆ ಆರು ವಾರದ ಬಗ್ಗೆ ನಮ್ ಡಿಸ್ಚಾರ್ಜ್ ಕಾಗದದಲ್ಲಿ ನಾಲ್ಕೇ ಸಾಲು ಇತ್ತು. ಆ ನಾಲ್ಕು ಸಾಲಿನ ಆಚೆ ನಾವು ಕಲ್ತಿದ್ದು ಇಲ್ಲಿದೆ. ನಿಮ್ ಡಾಕ್ಟ್ರು ಬೇರೆ ಹೇಳಿದ್ರೆ ಅವರ ಮಾತೇ ಮೊದಲು.

1. ಮನೆಗೆ ಬಂದ್ಮೇಲೆ ನೋವು ಜಾಸ್ತಿ ಆಗೋದು ಯಾಕೆ ಅಂತ ತಿಳ್ಕೊಳ್ಳಿ

ಎಲ್ರೂ ಮಂಡಿ ಚಿಪ್ಪು ಬದಲಾಯಿಸೋ ಆಪರೇಷನ್ ಅಂತಾರೆ, ನಿಜವಾಗಿ ತೊಡೆ ಮೂಳೆ ತುದಿ, ಮೊಣಕಾಲ ಕೆಳಗಿನ ಮೂಳೆ ತುದಿ ಎರಡನ್ನೂ ಕತ್ತರಿಸಿ ಲೋಹದ ಕ್ಯಾಪ್ ಕೂರ್ಸಿ ಮಧ್ಯೆ ಗಟ್ಟಿ ಪ್ಲಾಸ್ಟಿಕ್ ಇಡ್ತಾರೆ. ದೊಡ್ಡ ಗಾಯ ಅದು. ಆಸ್ಪತ್ರೇಲಿ ಮರಗಟ್ಟೋಕೆ ಕೊಟ್ಟ ಇಂಜೆಕ್ಷನ್ ಒಂದೆರಡು ದಿನದಲ್ಲಿ ಇಳಿಯುತ್ತೆ, ಅದೇ ಹೊತ್ತಿಗೆ ಊತ ಏರುತ್ತೆ, ನೀವೂ ಡಿಸ್ಚಾರ್ಜ್ ಆಗಿ ಮನೆಗೆ ಬಂದಿರ್ತೀರ. ಮೊದಲ ಎರಡು ವಾರವೇ ಕಷ್ಟದ್ದು. ತೊಡೆಯಿಂದ ಪಾದದವರೆಗೆ ನೀಲಿ ಹಸಿರು ಕಲೆ ಇಳಿಯೋದು, ಮಂಡಿ ಬಿಸಿ ಬಿಸಿ ಇರೋದು, ಹೊಲಿಗೆಯ ಹೊರಮಗ್ಗುಲಲ್ಲಿ ಚರ್ಮ ಜೋಮು ಹಿಡಿದ ಹಾಗಿರೋದು, ನಡೆಯುವಾಗ ಟಕ್ ಟಕ್ ಸದ್ದು, ಇವೆಲ್ಲ ಸಾಮಾನ್ಯವಾಗಿ ಆಗೋವೇ.

2. ಮಾತ್ರೆ ನೋವು ನೋಡ್ಕೊಂಡಲ್ಲ, ಗಡಿಯಾರ ನೋಡ್ಕೊಂಡು

ನಮ್ ಕಡೆ ಹಿರಿಯರಿಗೆ ಒಂದು ಅಭ್ಯಾಸ, ತಡ್ಕೊಳ್ಳೋಷ್ಟು ತಡ್ಕೊಂಡು ಆಮೇಲೆ ಮಾತ್ರೆ. ಇಲ್ಲಿ ಅದು ನಡೆಯಲ್ಲ, ನೋವು ಒಂದ್ಸಲ ಮೇಲೇರಿದ್ರೆ ಇಳಿಸೋಕೆ ಅರ್ಧ ದಿನ ಬೇಕು. ಕ್ಯಾಲೆಂಡರ್ ಪಕ್ಕ ಒಂದು ಹಾಳೆ ಅಂಟಿಸಿ ಯಾವ ಮಾತ್ರೆ ಎಷ್ಟೊತ್ತಿಗೆ ಅಂತ ಬರೆದು ಕೊಟ್ಟಾಗೆಲ್ಲ ಟಿಕ್ ಹಾಕಿ. ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮುಂಚೆ ಒಂದು ಡೋಸ್ ಬರೋ ಹಾಗೆ ಹೊಂದಿಸ್ಕೊಳ್ಳೋಕೆ ಆಗುತ್ತಾ ಅಂತ ಡಾಕ್ಟ್ರನ್ನ ಕೇಳಿ. ಮೈ ಬಿಸಿ ಅಂತ ನಡುವೆ ಒಂದು ಡೋಲೋ ನುಂಗಿಸ್ಬೇಡಿ, ಚೀಟೀಲಿ ಇರೋ ಮಾತ್ರೇಲೂ ಪ್ಯಾರಾಸಿಟಮಾಲ್ ಇರಬಹುದು, ಎರಡು ಸೇರಿ ಜಾಸ್ತಿ ಆಗುತ್ತೆ. ಬಿಪಿ ಶುಗರ್ ಕಿಡ್ನಿ ತೊಂದ್ರೆ ಇರೋರು ಮೆಡಿಕಲ್ ಶಾಪಲ್ಲಿ ಕೇಳಿ ನೋವಿನ ಮಾತ್ರೆ ತರೋದಂತೂ ಬೇಡವೇ ಬೇಡ. ಟ್ರಮಡಾಲ್ ಥರದ ಜೋರು ನೋವಿನ ಮಾತ್ರೆ ಇದ್ರೆ ಮಲಬದ್ಧತೆ ಆಗುತ್ತೆ, ಅಮ್ಮಂಗೆ ನಾಲ್ಕು ದಿನ ಆಗಿರ್ಲಿಲ್ಲ, ಮಂಡಿಗಿಂತ ಅದೇ ದೊಡ್ಡ ಗೋಳಾಗಿತ್ತು. ಮೊದಲ ದಿನದಿಂದ್ಲೇ ನೀರು, ಸೊಪ್ಪು, ಹಣ್ಣು, ಬೇಕಾದ್ರೆ ಡಾಕ್ಟ್ರನ್ನ ಕೇಳಿ ಇಸಬ್‌ಗೋಲ್. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರೋ ಮಾತ್ರೆ ಮಾತ್ರ ನೋವು ಕಮ್ಮಿ ಆಯ್ತು ಅಂತ ನಿಲ್ಲಿಸ್ಬಾರದು, ಹೇಳಿದಷ್ಟು ದಿನ ಮುಗಿಸ್ಲೇಬೇಕು.

3. ಮಂಡಿ ಕೆಳಗೆ ದಿಂಬು ಇಡ್ಬೇಡಿ

ಇದೊಂದನ್ನ ನಮಗೆ ಯಾರಾದ್ರೂ ಕೈ ಹಿಡ್ದು ಹೇಳ್ಬೇಕಿತ್ತು. ಮಂಡಿ ಸ್ವಲ್ಪ ಮಡಚ್ಕೊಂಡಿದ್ರೆ ಒಳಗಿನ ಊತಕ್ಕೆ ಜಾಗ ಸಿಕ್ಕಿ ಹಾಯಾಗಿರುತ್ತೆ, ಅದಕ್ಕೇ ಪ್ರತಿಯೊಬ್ರೂ ಕೇಳೋದು, "ಒಂದು ದಿಂಬು ಕೊಡೇ ಅಡಿಗೆ". ನಾನೂ ಕೊಟ್ಟೆ, ನಾಲ್ಕು ದಿನ ಹಗಲು ರಾತ್ರಿ. ವ್ಯಾಯಾಮ ಮಾಡ್ಸೋ ಫಿಸಿಯೋ ಬಂದು ದಿಂಬು ತೆಗೆದು ಅಂಗೈನ ಮಂಡಿ ಹಿಂದೆ ತೂರಿಸಿದ್ರು, ಆರಾಮಾಗಿ ಒಳಗೆ ಹೋಯ್ತು, ಅಂದ್ರೆ ಕಾಲು ಹಾಸಿಗೆಗೆ ತಾಗ್ತಾನೇ ಇಲ್ಲ. ಮಂಡಿ ಹಿಂಭಾಗ ಹಾಗೇ ಬಿಗಿಯಾಗಿಬಿಟ್ರೆ ಕಾಲು ಪೂರ್ತಿ ನೆಟ್ಟಗಾಗಲ್ಲ, ನಿಂತಾಗೆಲ್ಲ ತೊಡೆ ಸ್ನಾಯು ಬಿಡುವಿಲ್ಲದೆ ದುಡೀಬೇಕು, ಕುಂಟು ಉಳಿಯುತ್ತೆ. ಆ ನಾಲ್ಕು ದಿನದ್ದನ್ನ ಸರಿ ಮಾಡೋಕೆ ನಮಗೆ ಮೂರು ವಾರ ಹಿಡೀತು.

ಸರಿಯಾದ ಕ್ರಮ ಹೀಗೆ: ಊತ ಇಳೀಲಿ ಅಂತ ಕಾಲು ಎತ್ತಿಡೋವಾಗ ದಿಂಬುಗಳನ್ನ ಉದ್ದಕ್ಕೆ ಮೀನಖಂಡ ಮತ್ತು ಹಿಮ್ಮಡಿ ಕೆಳಗೆ ಇಡಿ, ಪಾದ ಎದೆಗಿಂತ ಎತ್ತರ ಇರ್ಲಿ, ಮಂಡಿ ನೆಟ್ಟಗಿರ್ಲಿ. ದಿನಕ್ಕೆ ಮೂರ್ನಾಲ್ಕು ಸಲ ಹಿಮ್ಮಡಿ ಕೆಳಗೆ ಮಾತ್ರ ಸುತ್ತಿದ ಟವೆಲ್ ಇಟ್ಟು ಐದರಿಂದ ಹತ್ತು ನಿಮಿಷ ಮಂಡಿನ ಅದರ ಪಾಡಿಗೆ ಕೆಳಗೆ ಇಳಿಯೋಕೆ ಬಿಡಿ. ನೋವಾಗುತ್ತೆ, ಬೈತಾರೆ, ಪಕ್ಕದಲ್ಲಿ ಕೂತ್ಕೊಂಡು ಮಾತಾಡ್ಸಿ.

4. ಸ್ವಲ್ಪ ಸ್ವಲ್ಪ, ಆದ್ರೆ ಹಲವು ಸಲ

ಎದ್ದಿರೋವಾಗೆಲ್ಲ ಗಂಟೆಗೊಂದ್ಸಲ ಪಾದ ಮೇಲೆ ಕೆಳಗೆ ಆಡ್ಸೋದು, ಇದು ರಕ್ತ ಓಡಾಡೋಕೆ. ಮಂಡಿ ಹಿಂಭಾಗನ ಹಾಸಿಗೆಗೆ ಒತ್ತಿ ತೊಡೆ ಬಿಗಿ ಮಾಡಿ ಐದು ಸೆಕೆಂಡ್ ಹಿಡಿಯೋದು. ಹಿಮ್ಮಡಿ ಅಡಿಗೆ ಒಂದು ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಕಾಲನ್ನ ಜಾರಿಸ್ತಾ ಮಡಚೋದು. ಎರಡು ವಾರದ ಹೊತ್ತಿಗೆ 90 ಡಿಗ್ರಿ ಅಂದ್ರೆ ಕುರ್ಚೀಲಿ ಕೂತಾಗ ಎಷ್ಟು ಮಡಚ್ತೀವೋ ಅಷ್ಟು ಬಂದ್ರೆ ಒಳ್ಳೇದು, ಮೂರು ತಿಂಗಳಲ್ಲಿ ಸುಮಾರು ಜನಕ್ಕೆ 110ರಿಂದ 120 ಬರುತ್ತೆ, ಆಪರೇಷನ್ನಿಗೆ ಮುಂಚೆ ಎಷ್ಟು ಮಡಚ್ತಿದ್ರು ಅನ್ನೋದರ ಮೇಲೂ ಹೋಗುತ್ತೆ. ಪಕ್ಕದ ಬೀದಿಯವರಿಗೆ ಹತ್ತೇ ದಿನಕ್ಕೆ ಬಂತಂತೆ ಅಂತ ಹೇಳೋರಿರ್ತಾರೆ, ಅದನ್ನ ಆಪರೇಷನ್ ಆದೋರ ಎದುರಿಗೆ ಹೇಳೋಕೆ ಬಿಡ್ಬೇಡಿ. ಇವತ್ತು ಜೋರಾಗಿ ಮಾಡಿ ನಾಳೆ ಮಂಡಿ ಕುಂಬಳಕಾಯಿ ಥರ ಊದಿ ಮಡಚೋದೂ ಕಮ್ಮಿ ಆಯ್ತು ಅಂದ್ರೆ ಮಾಡಿದ್ದು ಜಾಸ್ತಿ ಆಗಿದೆ ಅಂತ, ಮಾರನೇ ದಿನ ಅರ್ಧಕ್ಕೆ ಇಳ್ಸಿ, ಪೂರ್ತಿ ನಿಲ್ಲಿಸ್ಬೇಡಿ.

ವ್ಯಾಯಾಮ ಆದ್ಮೇಲೆ ಐಸ್, ಒದ್ದೆ ಟವೆಲಲ್ಲಿ ಸುತ್ತಿ 15–20 ನಿಮಿಷ, ಬರೀ ಚರ್ಮಕ್ಕೆ ಇಡ್ಬಾರದು, ಹೊಲಿಗೆ ಒದ್ದೆ ಆಗದ ಹಾಗೆ ಪ್ಲಾಸ್ಟಿಕ್ ಹೊದಿಸಿ. ಬಿಸಿನೀರಿನ ಕಾವು, ಎಣ್ಣೆ ಹಚ್ಚಿ ನೀವೋದು, ಗಾಯಕ್ಕೆ ಅರಿಶಿನ, ಯಾವುದೂ ಬೇಡ.

5. ಮನೆ

ಹಜಾರದ ಕಾಲೊರೆಸು, ಸಣ್ಣ ಕಾರ್ಪೆಟ್ ಎಲ್ಲ ತೆಗೆದಿಡಿ. ಹೊಸಿಲು ದಾಟೋದನ್ನ ಹಗಲಲ್ಲೇ ನಿಮ್ಮೆದುರು ನಾಲ್ಕು ಸಲ ಅಭ್ಯಾಸ ಮಾಡ್ಸಿ. ಕೈ ಇರೋ ಎತ್ತರದ ಕುರ್ಚಿ ಬೇಕು, ಸೋಫಾದಲ್ಲಿ ಕೂತ್ರೆ ಏಳೋಕಾಗಲ್ಲ, ನೆಲ ಅಂತೂ ಇಲ್ಲ. ಇಂಡಿಯನ್ ಟಾಯ್ಲೆಟ್ ಮಾತ್ರ ಇರೋ ಮನೆಯಾದ್ರೆ ಆಪರೇಷನ್ನಿಗೆ ಮೊದ್ಲೇ ಕಮೋಡ್ ಕುರ್ಚಿ ತಂದಿಡಿ, ಬಾಡಿಗೆಗೂ ಸಿಗುತ್ತೆ. ಬಚ್ಚಲಲ್ಲಿ ಕೂರೋಕೆ ಜಾರದ ಗಟ್ಟಿ ಸ್ಟೂಲ್, ನೆಲ ಒಣಗಿರ್ಲಿ. ಸೀರೆ ಲುಂಗಿ ವಾಕರಿಗೆ ಸಿಕ್ಕಿಕೊಳ್ಳುತ್ತೆ, ಗಿಡ್ಡ ನೈಟಿ ಅಥವಾ ಸಡಿಲ ಪ್ಯಾಂಟ್ ವಾಸಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು.

6. ಊಟ, ನಂಜು, ಪಥ್ಯ

ನೋಡೋಕೆ ಬಂದೋರೆಲ್ಲ ಬದ್ನೇಕಾಯಿ ನಂಜು, ಬೇಳೆ ಕೊಡ್ಬೇಡಿ, ಮೊಟ್ಟೆ ಬೇಡ ಕೀವಾಗುತ್ತೆ ಅಂದ್ರು, ಅಮ್ಮ ಒಂದು ವಾರ ಬರೀ ತಿಳಿಸಾರು ಅನ್ನ ತಿಂದು ಸುಸ್ತಾಗಿ ಬಿದ್ಕೊಂಡ್ರು. ಗಾಯ ಮಾಯೋಕೆ, ಸ್ನಾಯು ಬಲಿಯೋಕೆ ಪ್ರೋಟೀನ್ ಬೇಕು. ಹೆಸರುಬೇಳೆ, ಮೊಳಕೆ ಕಾಳಿನ ಸಾರು, ಮೊಸರು, ತಿನ್ನೋರಿಗೆ ಮೊಟ್ಟೆ ಮೀನು ಧಾರಾಳವಾಗಿ ಕೊಡಿ. ಶುಗರ್ ಇರೋರಿಗೆ ಹಿಡಿತದಲ್ಲಿರ್ಲೇಬೇಕು, ಇಲ್ದಿದ್ರೆ ಇನ್‌ಫೆಕ್ಷನ್ ಭಯ ಜಾಸ್ತಿ.

7. ರಾತ್ರಿ

ಹಗಲು ಹೇಗೋ ಹೋಗುತ್ತೆ. ರಾತ್ರಿ ಒಂದೇ ಮಗ್ಗುಲಲ್ಲಿ ಮಲಗೋಕಾಗ್ದೆ, ಒಂದೂವರೆ ಗಂಟೆಗೊಮ್ಮೆ ಎಚ್ಚರ ಆಗಿ, ಯಾಕಾದ್ರೂ ಮಾಡಿಸ್ಕೊಂಡೆನೋ ಅಂತ ಅನ್ಸೋದು ಎರಡನೇ ಮೂರನೇ ವಾರದಲ್ಲಿ ತುಂಬಾ ಜನಕ್ಕೆ ಆಗುತ್ತೆ, ನಿದ್ದೆ ಕೆಟ್ಟಿರೋದು, ಮಾತ್ರೆ, ಇನ್ನೊಬ್ರ ಮೇಲೆ ಬಿದ್ದಿದ್ದೀನಿ ಅನ್ನೋ ಸಂಕಟ ಎಲ್ಲ ಸೇರಿರುತ್ತೆ. ಗಟ್ಟಿ ಮನಸ್ಸು ಮಾಡ್ಕೊಳ್ಳಮ್ಮ ಅಂತ ಉಪದೇಶ ಮಾಡ್ಬೇಡಿ. ಮಲಗೋ ಮುಂಚೆ ಐಸ್, ರಾತ್ರಿ ಮಾತ್ರೆ ಟೈಮಿಗೆ ಸರಿಯಾಗಿ, ಎಚ್ಚರ ಆದ್ರೆ ಎಬ್ಬಿಸಿ ನಾಲ್ಕು ಹೆಜ್ಜೆ ವಾಕರಲ್ಲಿ ನಡೆಸಿ ಮತ್ತೆ ಮಲಗ್ಸಿ. ಒಂದು ನೋಟ್‌ಬುಕ್ಕಲ್ಲಿ ಇವತ್ತು ಎಷ್ಟು ಮಡಚಿದ್ರು, ಎಷ್ಟು ಸಲ ಎದ್ರು ಅಂತ ಬರೀರಿ, ದಿನದಿಂದ ದಿನಕ್ಕೆ ವ್ಯತ್ಯಾಸ ಕಾಣಲ್ಲ, ಹಿಂದಿನ ವಾರದ ಪುಟ ತೋರ್ಸಿದ್ರೆ ಕಾಣುತ್ತೆ. ಅಳು ನಿಲ್ದೆ ಊಟಾನೂ ಬಿಟ್ರೆ ಡಾಕ್ಟ್ರಿಗೆ ಅದನ್ನೂ ಹೇಳಿ.

8. ಕಾಯದೆ ಫೋನ್ ಮಾಡ್ಬೇಕಾದ್ದು

ಮೀನಖಂಡ ಗಟ್ಟಿಯಾಗಿ ಊದಿ ಒತ್ತಿದ್ರೆ ನೋವು, ಕಾಲು ಎತ್ತಿಟ್ರೂ ಇಳೀದಿದ್ರೆ ಅವತ್ತೇ ತೋರ್ಸಿ, ರಕ್ತ ಹೆಪ್ಪುಗಟ್ಟಿರಬಹುದು. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ ನೇರ 108. ಜ್ವರ 101 ದಾಟಿದ್ರೆ, ಹೊಲಿಗೆಯಿಂದ ಕೀವು ಅಥವಾ ನೀರು ಬರ್ತಾನೇ ಇದ್ರೆ, ಕೆಂಪು ಹಬ್ತಾ ಹೋದ್ರೆ, ಬಿದ್ರೆ, ಆಪರೇಷನ್ ಮಾಡಿದ ಆಸ್ಪತ್ರೆಗೇ ಫೋನ್ ಮಾಡಿ. ಮನೇಲಿರೋ ಆ್ಯಂಟಿಬಯೋಟಿಕ್ ಕೊಟ್ಟು ಎರಡು ದಿನ ನೋಡೋಣ ಅನ್ಬೇಡಿ, ಲೋಹಕ್ಕೆ ಇನ್‌ಫೆಕ್ಷನ್ ಹತ್ತಿದ್ರೆ ಮತ್ತೆ ಆಪರೇಷನ್ನೇ ಆಗ್ಬೇಕಾಗಬಹುದು.

9. ವಾಕರಿಂದ ಕೋಲಿಗೆ

ಹೊಲಿಗೆ ಪಿನ್ ಸಾಮಾನ್ಯವಾಗಿ ಎರಡು ವಾರಕ್ಕೆ ತೆಗೀತಾರೆ, ಆಮೇಲೆ ಫಿಸಿಯೋ ಹೇಳಿದಾಗ ಕೋಲು. ಎಲ್ರೂ ಮಾಡೋ ತಪ್ಪು, ನೋವಿರೋ ಕಡೆಗೇ ಕೋಲು ಹಿಡಿಯೋದು. ಒಳ್ಳೆ ಕಾಲಿನ ಕಡೆ ಕೈಲಿ ಹಿಡೀಬೇಕು, ಕೋಲೂ ಆಪರೇಷನ್ ಕಾಲೂ ಒಟ್ಟಿಗೆ ಮುಂದೆ ಹೋಗ್ಬೇಕು. ಅಮ್ಮ ಹಾಗೆ ಕೋಲು ಹಿಡ್ಕೊಂಡು ಬೀದಿ ಕೊನೆಯ ಹಾಲಿನ ಬೂತಿಗೆ ಹೋಗಿದ್ದು 44ನೇ ದಿನ, ದಾರೀಲಿ ಎರಡು ಕಡೆ ನಿಂತ್ರು, ಬಂದ್ಮೇಲೆ ಇಪ್ಪತ್ತು ನಿಮಿಷ ಐಸ್ ಇಟ್ವಿ.